ಪರಮಾಣು ಅವೇ, ಗುಣ ಬೇರೆ: ಬೆಂಗಳೂರಲ್ಲಿ ಒಂದು ಹರಳಿನ ಕಥೆ

ವರ್ತೂರು ಕೋಡಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡು ಇದನ್ನ ಕೇಳ್ತಿರೋರಿಗೆ ಒಂದು ಪ್ರಶ್ನೆ. ನಿಮ್ಮ ಫೋನಿನ ಚಿಪ್ ಸಿಲಿಕಾನ್‌ದು. ಸಿಲಿಕಾನ್ ಆದ್ಮೇಲೆ ಯಾವುದು? ಈ ಹುಡುಕಾಟದಲ್ಲಿ ಮತ್ತೆ ಮತ್ತೆ ಕೇಳಿಬರೋ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್. ಪೀಣ್ಯದ ವರ್ಕ್‌ಶಾಪ್‌ನವರಿಗೆ ಇದು ಹಳೇ ಪರಿಚಯ. ಮಾಲಿ ಗ್ರೀಸ್‌ನಲ್ಲಿರೋ ಕಪ್ಪು ಪುಡಿ ಇದೇ.

ಈ ಹರಳು ಒಂದರ ಮೇಲೊಂದು ಇಟ್ಟ ಚಪಾತಿಗಳ ಹಾಗೆ. ಪ್ರತಿ ಪದರದಲ್ಲಿ ಮೇಲೆ ಗಂಧಕ, ನಡುವೆ ಮಾಲಿಬ್ಡಿನಮ್, ಕೆಳಗೆ ಮತ್ತೆ ಗಂಧಕ. ಪದರದೊಳಗಿನ ಬಂಧ ಗಟ್ಟಿ, ಪದರ-ಪದರದ ನಡುವಿನದು ಸಡಿಲ. ಅದಕ್ಕೇ ಜಾರುತ್ತೆ, ಗ್ರೀಸ್‌ಗೆ ಬಳಕೆಯಾಗುತ್ತೆ. ಈ ರಚನೆಯನ್ನ 1923ರಲ್ಲೇ ಅಮೆರಿಕದಲ್ಲಿ ಡಿಕಿನ್ಸನ್ ಮತ್ತು ಲೈನಸ್ ಪೌಲಿಂಗ್ ಎಕ್ಸ್-ರೇ ಬಳಸಿ ಕಂಡುಹಿಡಿದಿದ್ದರು.

ಸ್ವಾರಸ್ಯ ಇರೋದು ಮುಂದೆ. ಮೇಲಿನ ಗಂಧಕ ಕೆಳಗಿನ ಗಂಧಕದ ನೇರಕ್ಕೇ ಇದ್ದರೆ ಅದು 2ಎಚ್ ರೂಪ, ಅರೆವಾಹಕ. ಒಂದು ಬದಿಯ ಗಂಧಕದ ಸಾಲು ಸ್ವಲ್ಪ ಪಕ್ಕಕ್ಕೆ ಸರಿದರೆ 1ಟಿ ರೂಪ. ಆಗ ಅದು ಲೋಹದ ಹಾಗೆ ವಿದ್ಯುತ್ ಹರಿಸುತ್ತೆ! ಒಂದು ಪರಮಾಣುವೂ ಹೆಚ್ಚಿಲ್ಲ, ಕಮ್ಮಿಯಾಗಿಲ್ಲ. ಇದನ್ನೇ ಫೇಸ್ ಟ್ರಾನ್ಸಿಷನ್ ಅನ್ನೋದು.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್ 1976ರಲ್ಲಿ ಕಾನ್ಪುರದ ಐಐಟಿಯಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಘನವಸ್ತುಗಳ ರಸಾಯನಶಾಸ್ತ್ರಕ್ಕೇ ಅಂತ ಒಂದು ವಿಭಾಗ ಕಟ್ಟಿದರು. 1978ರಲ್ಲಿ ಕೆ.ಜೆ. ರಾವ್ ಜೊತೆ ಘನವಸ್ತುಗಳ ಫೇಸ್ ಟ್ರಾನ್ಸಿಷನ್ ಬಗ್ಗೆಯೇ ಇಡೀ ಪುಸ್ತಕ ಬರೆದರು. 1989ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಶುರುವಾಯ್ತು. ಜಕ್ಕೂರಿನಲ್ಲಿರೋದು ಅದೇ.

2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗ್ರಾಫೀನ್ ಬೇರ್ಪಡಿಸಿದ ಮೇಲೆ ಒಂದೇ ಪದರದ ವಸ್ತುಗಳತ್ತ ಜಗತ್ತೇ ತಿರುಗಿತು. ಜಕ್ಕೂರಿನ ತಂಡ 2010ರಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್‌ನ ತೆಳು ಪದರಗಳ ಬಗ್ಗೆ ಪ್ರಬಂಧ ಪ್ರಕಟಿಸಿತು. 2013ರಲ್ಲಿ ರಾವ್ ಮತ್ತವರ ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪದರಗಳ ನಡುವೆ ಲಿಥಿಯಂ ತೂರಿಸಿದಾಗ ಅದು ಎಲೆಕ್ಟ್ರಾನ್ ಕೊಡುತ್ತೆ, ರಚನೆ 1ಟಿಗೆ ಹೊರಳುತ್ತೆ. ಆಮೇಲೆ ನೀರಿಗೆ ಹಾಕಿದರೆ ಪದರಗಳು ಬಿಡಿಬಿಡಿಯಾಗುತ್ತವೆ. ಬಣ್ಣದ ಅಣುವೊಂದರ ನೆರವಿನಿಂದ, ಬೆಳಕಿನಲ್ಲಿ, ಈ 1ಟಿ ಪದರಗಳು ನೀರಿನಿಂದ ಹೈಡ್ರೋಜನ್ ಹೊರಡಿಸಿದವು. ಅದೂ 2ಎಚ್‌ಗಿಂತ ನೂರಾರು ಪಟ್ಟು ಹೆಚ್ಚು.

ಹಾಗಾದ್ರೆ ಬಸ್ಸಿಗೆ ಯಾಕೆ ಇನ್ನೂ ಈ ಹೈಡ್ರೋಜನ್ ಸಿಕ್ಕಿಲ್ಲ? 1ಟಿ ರೂಪ ಸ್ಥಿರವಲ್ಲ. ಬಿಸಿ ಮಾಡಿದರೆ ಮತ್ತೆ 2ಎಚ್ ಆಗಿಬಿಡುತ್ತೆ. ಬೇಕಾದ ರೂಪ ತರೋದು ಒಂದು ಕೆಲಸ, ಉಳಿಸ್ಕೊಳ್ಳೋದು ಇನ್ನೂ ದೊಡ್ಡ ಕೆಲಸ.

ಪುಸ್ತಕದಿಂದ ಈ ಪ್ರಯೋಗಕ್ಕೆ 35 ವರ್ಷ. ಚಿಪ್ ಫ್ಯಾಕ್ಟರಿ ಬರಬೇಕು ಅಂತ ಈಗ ಎಲ್ಲರೂ ಕೇಳ್ತಿದ್ದೀವಿ, ಕೇಳಲೇಬೇಕು. ಆದ್ರೆ ನಾಳೆಯ ಚಿಪ್ಪಿನ ವಸ್ತು ಇಂಥ ಲ್ಯಾಬ್‌ಗಳಲ್ಲೇ ಹುಟ್ಟೋದು. ಅವಕ್ಕೂ ಅಷ್ಟೇ ವರ್ಷ ದುಡ್ಡು, ತಾಳ್ಮೆ ಎರಡೂ ಕೊಡಬೇಕು ಅನ್ನೋದು ನನ್ನ ಮಾತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.