ಕಟ್ಟದೇ ಉಳಿದ ಬ್ಯಾಟಲ್‌ಶಿಪ್‌ಗಳು: ಒಂದು ಅಧ್ಯಯನ ಬೆಳೆದ ಬಗೆ

ಎರಡನೇ ಮಹಾಯುದ್ಧದ ಬ್ಯಾಟಲ್‌ಶಿಪ್‌ಗಳ ಬಗ್ಗೆ ಇವತ್ತು ಓದಲು ಹೊರಟ ಹುಡುಗರಿಗೆ ಮೊದಲು ಸಿಗುವುದು ಹೋಲಿಕೆಯ ಪಟ್ಟಿ. ಒಂದು ಕಡೆ ಜರ್ಮನಿಯ ಎಚ್-44: ಸುಮಾರು 345 ಮೀಟರ್ ಉದ್ದ, 50.8 ಸೆಂಟಿಮೀಟರ್ ಬಾಯಳತೆಯ 8 ಫಿರಂಗಿ. ಇನ್ನೊಂದು ಕಡೆ ಅಮೆರಿಕದ ಅಯೋವಾ: 16 ಇಂಚಿನ 9 ಫಿರಂಗಿ. ಗೆದ್ದದ್ದು ಎಚ್-44 ಎಂಬ ತೀರ್ಪೂ ಅಲ್ಲೇ ಇರುತ್ತದೆ. ಆದರೆ ಅಯೋವಾ ಸಮುದ್ರದಲ್ಲಿ ಓಡಿದ ಹಡಗು, ಎಚ್-44ಕ್ಕಾಗಿ ಒಂದು ಉಕ್ಕಿನ ಹಾಳೆಯನ್ನೂ ಯಾರೂ ಕತ್ತರಿಸಲಿಲ್ಲ. ಈ ವ್ಯತ್ಯಾಸ ಪಟ್ಟಿಯ ಯಾವ ಸಾಲಿನಲ್ಲೂ ಕಾಣುವುದಿಲ್ಲ. ಬಹುಕಾಲದಿಂದ ಈ ವಿಷಯದ ಬೆನ್ನು ಹತ್ತಿರುವ ನನಗೆ ಇದು ನೋವಿನ ಸಂಗತಿ. ಏಕೆಂದರೆ ಈ ವ್ಯತ್ಯಾಸವನ್ನು ತಿಳಿಸಿಕೊಟ್ಟ ದೊಡ್ಡ ವಿದ್ವತ್ತು ನಮ್ಮ ಮುಂದೆಯೇ ಇದೆ.

ಆರಂಭದ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಯುದ್ಧ ಮುಗಿದಾಗ ಜಪಾನ್ ತನ್ನ ಕಾಗದಪತ್ರಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿತ್ತು. ಅಮೆರಿಕದ ನೌಕಾ ತಾಂತ್ರಿಕ ತಂಡ ಅಲ್ಲಿನ ಎಂಜಿನಿಯರುಗಳನ್ನು ಮಾತಾಡಿಸಿ ವರದಿಗಳನ್ನು ಬರೆಯಿತು. 1970ರಲ್ಲಿ ಜರ್ಮನಿಯ ಜೀಗ್‌ಫ್ರೀಡ್ ಬ್ರೆಯರ್ ಕಟ್ಟಿದ ಹಡಗುಗಳ ಜೊತೆಗೆ ಕಟ್ಟದವನ್ನೂ ಒಂದೇ ಗ್ರಂಥದಲ್ಲಿ ತಂದರು. ಶ್ರಮದ ಕೆಲಸ ಅದು. ಆದರೆ ಹಡಗು ಯಾಕೆ ಕಟ್ಟಲಾಗಲಿಲ್ಲ ಎಂಬ ಪ್ರಶ್ನೆ ಅದರ ಅಂಚಿನಲ್ಲೇ ಉಳಿಯಿತು.

ಆ ಪ್ರಶ್ನೆ ನಡುಮನೆಗೆ ಬಂದದ್ದು 1976ರಿಂದ 1985ರ ನಡುವೆ. ಅಲನ್ ರೇವನ್ ಮತ್ತು ಜಾನ್ ರಾಬರ್ಟ್ಸ್ ಬ್ರಿಟನ್ನಿನ ಬ್ಯಾಟಲ್‌ಶಿಪ್‌ಗಳ ಬಗ್ಗೆ ಬರೆದರು. ವಿಲಿಯಂ ಗಾರ್ಜ್ಕೆ ಮತ್ತು ರಾಬರ್ಟ್ ಡುಲಿನ್ ಮೂರು ಸಂಪುಟ ತಂದರು. ನಾರ್ಮನ್ ಫ್ರೀಡ್‌ಮನ್ ಅಮೆರಿಕದ ವಿನ್ಯಾಸಗಳ ಇತಿಹಾಸ ಬರೆದರು. ನಾವೆಲ್ಲ ಓದಲು ಕಲಿತದ್ದು ಇವರಿಂದ. ನಕ್ಷೆ ಎಂದರೆ ಹಣ, ಒಪ್ಪಂದ, ಕಾರ್ಖಾನೆಗಳ ನಡುವಿನ ಹಗ್ಗಜಗ್ಗಾಟದ ದಾಖಲೆ ಎಂದು ಇವರು ತೋರಿಸಿಕೊಟ್ಟರು.

ಬ್ರಿಟನ್ನಿನ ಲಯನ್ ವರ್ಗವನ್ನೇ ನೋಡಿ. 16 ಇಂಚಿನ 9 ಫಿರಂಗಿಗಳ ಲಯನ್ ಮತ್ತು ಟೆಮರೇರ್ ಹಡಗುಗಳ ಕೆಲಸ 1939ರ ಬೇಸಿಗೆಯಲ್ಲಿ ಶುರುವಾಯಿತು, ಯುದ್ಧ ಬಂದೊಡನೆ ನಿಂತಿತು. ಆದರೆ ಬ್ರಿಟನ್ನಿನದೇ ಇನ್ನೊಂದು ಬ್ಯಾಟಲ್‌ಶಿಪ್ ವ್ಯಾನ್‌ಗಾರ್ಡ್ 1941ರಲ್ಲಿ ಶುರುವಾಗಿ 1946ರಲ್ಲಿ ಮುಗಿಯಿತು. ಗುಟ್ಟು ಫಿರಂಗಿ ಗೋಪುರದಲ್ಲಿದೆ. ಫಿರಂಗಿಯನ್ನು ತಿರುಗಿಸುವ, ಏರಿಸುವ, ಕೆಳಗಿನ ಕೋಣೆಯಿಂದ ಗುಂಡು ಮತ್ತು ಮದ್ದನ್ನು ಮೇಲಕ್ಕೆ ತರುವ ಈ ಯಂತ್ರಕ್ಕೆ ಹಡಗಿನ ಒಡಲಿಗಿಂತ ಹೆಚ್ಚು ಕಾಲ ಬೇಕು; ಅದನ್ನು ಮಾಡಬಲ್ಲ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಕರೇಜಸ್ ಮತ್ತು ಗ್ಲೋರಿಯಸ್ ಎಂಬ ಹಡಗುಗಳು 1920ರ ದಶಕದಲ್ಲಿ ವಿಮಾನವಾಹಕಗಳಾದಾಗ ಕಳಚಿಟ್ಟ 15 ಇಂಚಿನ ನಾಲ್ಕು ಗೋಪುರಗಳು ಉಗ್ರಾಣದಲ್ಲಿದ್ದವು. ವ್ಯಾನ್‌ಗಾರ್ಡ್ ವಿನ್ಯಾಸವನ್ನು ಅವುಗಳ ಸುತ್ತಲೇ ಮಾಡಿದರು. ನನ್ನ ಮಟ್ಟಿಗೆ ಬ್ರಿಟನ್ನಿನ ಯುದ್ಧಕಾಲದ ಅತ್ಯಂತ ವಿವೇಕದ ನೌಕಾ ನಿರ್ಧಾರಗಳಲ್ಲಿ ಇದೊಂದು.

ಅಮೆರಿಕಕ್ಕೆ ಕಾರ್ಖಾನೆಗಳ ಕೊರತೆ ಅಷ್ಟಿರಲಿಲ್ಲ. ಅಲ್ಲಿ ಬೇಕಾದದ್ದು ಆಯ್ಕೆ. 1940ರಲ್ಲಿ ಮಂಜೂರಾದ ಐದು ಮೊಂಟಾನಾ ಹಡಗುಗಳಲ್ಲಿ 12 ಫಿರಂಗಿ, 16 ಇಂಚು ದಾಟಿದ ಪಕ್ಕೆಯ ಕವಚ. 33 ನಾಟ್ ಓಡುವ ಅಯೋವಾದ ಕವಚ ಅದೇ ಹಡಗಿನ 2,700 ಪೌಂಡಿನ ಗುಂಡನ್ನು ತಡೆಯುವಂಥದ್ದಲ್ಲ. ಮೊಂಟಾನಾ ಅದನ್ನು ತಡೆಯಬೇಕೆಂದೇ ರೂಪುಗೊಂಡಿತು, ವೇಗದಲ್ಲಿ 28 ನಾಟ್‌ಗೆ ಇಳಿಯಿತು. 121 ಅಡಿ ಅಗಲದ ಅದು ಪನಾಮಾ ಕಾಲುವೆಯ 110 ಅಡಿಯ ಲಾಕ್‌ಗಳಲ್ಲಿ ಹಿಡಿಸುತ್ತಲೂ ಇರಲಿಲ್ಲ. ವಿಮಾನವಾಹಕಗಳ ಬೇಡಿಕೆ ಏರಿತು. 1943ರ ಜುಲೈನಲ್ಲಿ ಐದೂ ರದ್ದಾದವು. ಜಪಾನಿನ ಬ್ಯಾಟಲ್‌ಶಿಪ್ ಯಮಾಟೊ ಜೊತೆ ಎದುರುಬದುರು ನಿಲ್ಲಬಲ್ಲ ಹಡಗು ಮೊಂಟಾನಾ ಎಂದು ನಾನೂ ಒಪ್ಪುತ್ತೇನೆ. ಆದರೆ ಯಮಾಟೊವನ್ನು 1945ರ ಏಪ್ರಿಲ್ 7ರಂದು ಮುಳುಗಿಸಿದ್ದು ವಿಮಾನಗಳು.

ಸೋವಿಯತ್ ದಾಖಲೆಗಳು ತೆರೆದುಕೊಂಡ ಮೇಲೆ 2003ರಲ್ಲಿ ಸ್ಟೀಫನ್ ಮೆಕ್‌ಲಾಗ್ಲಿನ್ ಬರೆದ ಗ್ರಂಥ ಇನ್ನೊಂದು ಮೈಲಿಗಲ್ಲು. ಸೋವೆಟ್‌ಸ್ಕಿ ಸೊಯೂಜ್ ವರ್ಗಕ್ಕೆ ಬೇಕಾದ ದಪ್ಪದ, ಮೇಲ್ಮೈ ಗಡಸುಗೊಳಿಸಿದ ಕವಚವನ್ನು ಅಲ್ಲಿನ ಗಿರಣಿಗಳು ತಯಾರಿಸಲಾರದೆ ಹೋದವು. ಮೊಲೊಟೊವ್‌ಸ್ಕ್‌ನಲ್ಲಿ ಕಟ್ಟುತ್ತಿದ್ದ ಹಡಗಿನ ಒಡಲಿನಲ್ಲಿ ಸುಮಾರು 70 ಸಾವಿರ ಕಳಪೆ ರಿವೆಟ್‌ಗಳು ಪತ್ತೆಯಾದವು, 1940ರಲ್ಲಿ ಅದನ್ನು ಕೈಬಿಟ್ಟರು. ಹೋಲಿಕೆಯ ಪಟ್ಟಿಯಲ್ಲಿ ಈ ಹಡಗಿಗೆ ಇಂದಿಗೂ ಪೂರ್ತಿ ಅಂಕ ಸಿಗುತ್ತದೆ.

ಕಟ್ಟಿದ ಹಡಗಿನ ದೋಷಗಳು ಕಾದಾಟದಲ್ಲಿ ಬಯಲಾಗುತ್ತವೆ, ನಕ್ಷೆಗೆ ಆ ಪರೀಕ್ಷೆಯಿಲ್ಲ. ಅಮೆರಿಕದ ಸೌತ್ ಡಕೋಟಾ ಕವಚದ ದೃಷ್ಟಿಯಿಂದ ಅತ್ಯುತ್ತಮ ವಿನ್ಯಾಸ. 1942ರ ನವೆಂಬರ್ 14ರ ರಾತ್ರಿ ಗ್ವಾಡಲ್‌ಕೆನಾಲ್ ಬಳಿ ಕಾದಾಟದ ನಡುವೆಯೇ ಅದರ ವಿದ್ಯುತ್ ಕೈಕೊಟ್ಟಿತು. ರೇಡಾರ್ ಸತ್ತಿತು, ಶತ್ರು ಎಲ್ಲಿದ್ದಾನೆಂದೇ ತಿಳಿಯದೆ ಇಪ್ಪತ್ತಕ್ಕೂ ಹೆಚ್ಚು ಗುಂಡಿನೇಟು ತಿಂದಿತು. ಜಪಾನಿನ ಕಿರಿಶಿಮಾವನ್ನು ಹೊಡೆದದ್ದು ಜೊತೆಗಿದ್ದ ವಾಷಿಂಗ್ಟನ್. ಎಚ್-44ರ ವಿದ್ಯುತ್ ಎಲ್ಲಿ ಕೈಕೊಡುತ್ತಿತ್ತೆಂದು ಯಾರು ಹೇಳಬಲ್ಲರು?

ಇಷ್ಟೆಲ್ಲ ಬರೆದ ವಿದ್ವಾಂಸರೂ ಹೆಚ್ಚಾಗಿ ವಿನ್ಯಾಸ ಕಚೇರಿಯ ಕಾಗದಗಳನ್ನು ನೆಚ್ಚಿದವರು. ಗೋಪುರ ಜೋಡಿಸಿದ ಕಾರ್ಮಿಕರು, ಕವಚದ ಗಿರಣಿಗಳು, ತಿರಸ್ಕೃತವಾದ ಫಲಕಗಳ ಲೆಕ್ಕ ಅಲ್ಲಲ್ಲಿ ಅಡಿಟಿಪ್ಪಣಿಯಾಗಿ ಬಂದುಹೋಗುತ್ತವೆ. ಆ ಕಥೆ ಹೇಳಬಲ್ಲ ವಸ್ತುಗಳು ಇನ್ನೂ ಇವೆ: ಜರ್ಮನಿಯ ಎಚ್-39 ವಿನ್ಯಾಸಕ್ಕೆಂದು ಮಾಡಿದ 40.6 ಸೆಂಟಿಮೀಟರ್ ಫಿರಂಗಿಗಳು ನಾರ್ವೆಯ ಟ್ರೋಂಡೆನೆಸ್ ಕರಾವಳಿಯಲ್ಲಿ ಈಗಲೂ ನಿಂತಿವೆ. ಈ ಕ್ಷೇತ್ರಕ್ಕೆ ಕಾಲಿಡುವ ಹೊಸಬರು ಇನ್ನೊಂದು ಹೋಲಿಕೆಯ ಪಟ್ಟಿ ಮಾಡುವ ಬದಲು, ಅಂಥ ಒಂದು ಫಿರಂಗಿ ಯಾವ ಕುಲುಮೆಯಿಂದ, ಯಾರ ಕೈಯಿಂದ, ಎಷ್ಟು ತಿಂಗಳಲ್ಲಿ ಹೊರಬಂತು ಎಂಬುದನ್ನು ಹುಡುಕಿ ಬರೆಯಲಿ.