‘ಒಂದು ವೋಟು, ಒಂದು ನೋಟು’: ಒಂದು ಘೋಷಣೆಯ ಪಾಠವಿಮರ್ಶೆ

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಗ್ಗೆ ಬರೆಯುವವರೆಲ್ಲ ತಪ್ಪದೆ ಎತ್ತಿಕೊಳ್ಳುವ ಮಾತೊಂದಿದೆ: ಅವರು ಚುನಾವಣೆಗೆ ನಿಂತು ಜನರಲ್ಲಿ ‘ಒಂದು ವೋಟು, ಒಂದು ನೋಟು’ ಕೇಳಿದರು. ಎತ್ತಿಕೊಂಡಷ್ಟೇ ಬೇಗ ಅದನ್ನು ಕೆಳಗಿಟ್ಟೂ ಬಿಡುತ್ತಾರೆ. ಸ್ಮರಣೆಯ ಭಾಷಣಗಳಲ್ಲಿ ಅದು ಗೌಡರ ಬಡತನಕ್ಕೆ ಸಾಕ್ಷಿ. ರಾಜಕೀಯ ಲೇಖನಗಳಲ್ಲಿ ಇಂದಿನವರನ್ನು ಚುಚ್ಚುವ ಸೂಜಿ. ಸಾಹಿತ್ಯದವರ ಕೈಯಲ್ಲಿ ಸಂತನ ಲಕ್ಷಣ. ಈ ಮೂರರಲ್ಲಿ ಯಾವ ಓದಿನಲ್ಲೂ ಆ ನಾಲ್ಕು ಪದಗಳನ್ನು ಪದಗಳಾಗಿ ನೋಡಿದ ಕುರುಹಿಲ್ಲ. ಶಾಸನದಲ್ಲಿ ಒಂದು ಅಕ್ಷರ ಸವೆದಿದ್ದರೆ ಹತ್ತು ಪುಟ ವಾದಿಸುವವರು ನಾವು. ನಮ್ಮ ಅಪ್ಪಂದಿರ ಕಿವಿಗೆ ಬಿದ್ದ ಮಾತಿಗೆ ಆ ಮರ್ಯಾದೆ ಸಲ್ಲಲಿಲ್ಲ.

ಹೀಗಾಗಲು ‘ಅವಸ್ಥೆ’ಯೂ ಒಂದು ಕಾರಣ. ಯು.ಆರ್. ಅನಂತಮೂರ್ತಿಯವರ 1978ರ ಈ ಕಾದಂಬರಿಯ ಕೃಷ್ಣಪ್ಪನಲ್ಲಿ ಗೋಪಾಲಗೌಡರ ನೆರಳಿದೆಯೆಂಬುದು ಎಲ್ಲರಿಗೂ ಗೊತ್ತು. ಆದರೆ ನೆರಳನ್ನು ಅಳೆದು ಆಳಿನ ಎತ್ತರ ಹೇಳುವ ಚಾಳಿ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಕೃಷ್ಣಪ್ಪನ ಅಂತರಂಗದ ತೊಳಲಾಟವನ್ನು ಗೌಡರ ರಾಜಕೀಯಕ್ಕೆ ಆರೋಪಿಸಿದ ಮೇಲೆ ಹಣದ ಪ್ರಶ್ನೆ ಕೂಡ ಅಂತರಂಗದ ಪ್ರಶ್ನೆಯಾಗಿಬಿಡುತ್ತದೆ: ನಾಯಕ ಶುದ್ಧನೋ, ಕೆಟ್ಟನೋ? (ಕಾದಂಬರಿಕಾರರ ಮೇಲೆ ನನ್ನ ತಕರಾರಿಲ್ಲ, ಅವರು ಕಾದಂಬರಿ ಬರೆದರು. ಅದನ್ನು ದಫ್ತರವೆಂದು ಬಗೆದವರ ಮೇಲೆ ತಕರಾರು.) ಗೌಡರ ಘೋಷಣೆ ಕೇಳುತ್ತಿದ್ದುದು ಬೇರೆ ಪ್ರಶ್ನೆಯನ್ನು: ಹಣ ಯಾರದು?

ಆ ಪ್ರಶ್ನೆಯನ್ನು ಕಾಣಬೇಕಾದರೆ ಕಾದಂಬರಿಯ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನೂ ಇಟ್ಟುಕೊಳ್ಳಬೇಕು. 1951–52ರ ಮೊದಲ ಮಹಾಚುನಾವಣೆಯ ಬಗ್ಗೆ ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಆಯೋಗ ಹೊರತಂದ ವರದಿ ಅದು. ಒಣ ಸರಕಾರಿ ಗದ್ಯ, ಕೋಷ್ಟಕಗಳ ರಾಶಿ. ಕನ್ನಡದ ಸಮಾಜವಾದಿ ಚಳವಳಿಯ ಬಗ್ಗೆ ಬರೆದವರಲ್ಲಿ ಅದನ್ನು ಬಿಚ್ಚಿ ನೋಡಿದವರು ವಿರಳ. ಅದರಲ್ಲಿ ಗೋಪಾಲಗೌಡರ ಘೋಷಣೆಯಿಲ್ಲ, ಇರಬೇಕಾಗಿಯೂ ಇಲ್ಲ. ಇರುವುದು ವೋಟಿನ ವರ್ಣನೆ. 1952ರಲ್ಲಿ ‘ವೋಟು’ ಎಂದರೆ ಕೈಗೆ ಸಿಗುವ ವಸ್ತುವಾಗಿ ಏನಿತ್ತು ಎಂಬುದು ಅಲ್ಲಿ ದಾಖಲಾಗಿದೆ.

ಇಂದಿನ ಓದುಗನಿಗೆ ವೋಟು ಎಂದರೆ ಗುಂಡಿ ಒತ್ತುವುದು. ಅವನ ಅಪ್ಪನಿಗೆ ಮುದ್ರೆ ಒತ್ತುವುದು. ಮೊದಲ ಚುನಾವಣೆಯಲ್ಲಿ ಇವೆರಡೂ ಇರಲಿಲ್ಲ. ಮತಚೀಟಿಯಲ್ಲಿ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಮುದ್ರಣವಾಗಿರಲಿಲ್ಲ. ಮರೆಯ ಹಿಂದೆ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ ಇಟ್ಟಿರುತ್ತಿದ್ದರು, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ: ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟ್ ಪಕ್ಷಕ್ಕೆ ಮರ. ಮತದಾರ ಏನನ್ನೂ ಬರೆಯಬೇಕಿರಲಿಲ್ಲ, ಒತ್ತಬೇಕಿರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಟ್ಟರೆ ಮುಗಿಯಿತು. ಆ ಚೀಟಿ ಅಚ್ಚಾದದ್ದು ನಾಸಿಕದ ಸರಕಾರಿ ಭದ್ರತಾ ಮುದ್ರಣಾಲಯದಲ್ಲಿ. ಅದರ ಗಾತ್ರ ಒಂದು ರೂಪಾಯಿಯ ನೋಟಿನಷ್ಟು.

ಈ ಕೊನೆಯ ಸಂಗತಿ ಎಲ್ಲರ ಕಣ್ಣು ತಪ್ಪಿಸಿಕೊಂಡಿದೆ. ಸಾಗರ–ಹೊಸನಗರದ ಒಬ್ಬ ಒಕ್ಕಲಿಗೆ ಮತಗಟ್ಟೆಯಲ್ಲಿ ಸಿಕ್ಕದ್ದು ನೋಟಿನ ಅಳತೆಯ, ನೋಟಿನಂತೆಯೇ ಕ್ರಮಸಂಖ್ಯೆ ಹೊತ್ತ, ನೋಟನ್ನು ಅಚ್ಚು ಹಾಕುವ ಊರಿನಿಂದಲೇ ಬಂದ ಕಾಗದ. ವೋಟೂ ನೋಟೂ ಪ್ರಾಸಕ್ಕಾಗಿ ಜೊತೆಗೂಡಿದವು ಎನ್ನುವವರು ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಕಲ್ಪಿಸಿಕೊಳ್ಳಲಿ.

ಇಲ್ಲಿ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು ಕಾಲದ್ದು. ಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಘೋಷಣೆ ಮುಂದಿನ ಚುನಾವಣೆಗಳಲ್ಲಿ ಹುಟ್ಟಿ, ಆಮೇಲೆ ಮೊದಲ ಗೆಲುವಿಗೆ ಅಂಟಿಕೊಂಡಿರಬಾರದೇಕೆ? ಬಾಯಿಮಾತಿನ ಪರಂಪರೆಯಲ್ಲಿ ಇಂಥದ್ದು ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಪರಂಪರೆ ಆ ಮಾತನ್ನು 1952ಕ್ಕೇ ಕಟ್ಟುತ್ತದೆ, ವಸ್ತುಸ್ಥಿತಿ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. 1962ರ ಹೊತ್ತಿಗೆ ಚೀಟಿ ಬದಲಾಗಿತ್ತು; ಹೆಸರು, ಚಿಹ್ನೆಗಳ ಉದ್ದ ಪಟ್ಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂದಿತ್ತು. ನೋಟನ್ನು ಹೋಲುವ ವೋಟು ಮೊದಲ ಚುನಾವಣೆಗಳ ಸೊತ್ತು. (ಗೌಡರು ಚೀಟಿಯ ಗಾತ್ರ ನೋಡಿಯೇ ಘೋಷಣೆ ಕಟ್ಟಿದರು ಎಂದು ನಾನು ವಾದಿಸುತ್ತಿಲ್ಲ. ಕೇಳಿದವರ ಮನಸ್ಸಿನಲ್ಲಿ ಅದು ಯಾವ ಚಿತ್ರವಾಗಿ ಮೂಡಲು ಸಾಧ್ಯವಿತ್ತು ಎಂಬಷ್ಟೇ ನನ್ನ ವಾದ. ಈ ಎರಡನ್ನು ಕಲಸಿ ಉತ್ತರ ಕೊಡಬೇಡಿ ಎಂದು ಮೊದಲೇ ವಿನಂತಿ.)

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಗಾತ್ರದ ಹೋಲಿಕೆ ಬರಿಯ ಆಕಸ್ಮಿಕ. ಅದರಿಂದ ರಾಜಕೀಯ ಅರ್ಥ ಹೊರಡುವುದು ಹೇಗೆ? ಹೊರಡುತ್ತದೆ, ಏಕೆಂದರೆ ಆ ಪದ್ಧತಿಯಲ್ಲಿ ವೋಟು ಅಕ್ಷರಶಃ ಮಾರಬಹುದಾದ ಸರಕಾಗಿತ್ತು. ಯಾವ ಗುರುತೂ ಇಲ್ಲದ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಸೆರಗಿನಲ್ಲೋ ಜೇಬಿನಲ್ಲೋ ಹೊರಗೆ ತಂದು ಯಾರದಾದರೂ ಏಜೆಂಟನ ಕೈಗಿಟ್ಟರೆ, ಅವನು ಇನ್ನೊಬ್ಬ ಮತದಾರನ ಮೂಲಕ ಅಂಥ ಹತ್ತು ಚೀಟಿಯನ್ನು ಒಟ್ಟಿಗೆ ತನ್ನ ಪೆಟ್ಟಿಗೆಗೆ ಇಳಿಸಬಹುದಿತ್ತು. ಪದ್ಧತಿಯನ್ನು ಬದಲಿಸಲು ಇಂಥ ಭಯವೇ ಒಂದು ಕಾರಣ. ಈಗ ಘೋಷಣೆಯನ್ನು ಮತ್ತೆ ಕೇಳಿ. ಹಣವಂತ ಅಭ್ಯರ್ಥಿ ನೋಟು ಕೊಟ್ಟು ಚೀಟಿ ಪಡೆಯಬಲ್ಲ. ಗೋಪಾಲಗೌಡರು ಚೀಟಿಯನ್ನೂ ಕೇಳುತ್ತಾರೆ, ನೋಟನ್ನೂ ಕೇಳುತ್ತಾರೆ. ಎರಡು ಕಾಗದಗಳೂ ಒಂದೇ ಕೈಯಿಂದ ಒಂದೇ ದಿಕ್ಕಿಗೆ ಹೋಗಬೇಕು. ಅವುಗಳ ನಡುವಿನ ವಿನಿಮಯವನ್ನೇ ಆ ಮಾತು ಮುರಿಯುತ್ತದೆ. ಬಡ ಅಭ್ಯರ್ಥಿಯೊಬ್ಬ ಕೈಚಾಚಿದ್ದು ಮಾತ್ರ ಇದಾಗಿದ್ದರೆ ‘ಕೈಲಾದಷ್ಟು ಕೊಡಿ’ ಎಂದಿದ್ದರೂ ಸಾಕಿತ್ತು.

ಇಲ್ಲಿಂದ ನನ್ನ ಮುಖ್ಯ ಮಾತು. ಎಲ್ಲರೂ ‘ವೋಟು’, ‘ನೋಟು’ ಎರಡನ್ನೇ ಓದಿದರು. ಎರಡು ಸಲ ಬರುವ ‘ಒಂದು’ವನ್ನು ಓದಲಿಲ್ಲ. ಘೋಷಣೆ ‘ನೋಟು–ವೋಟು’ ಎಂದು ತಿರುವುಮುರುವಾಗಿಯೂ ಕೇಳಿಬರುತ್ತದೆ. ರೈತಸಂಘದವರೂ ಮುಂದೆ ಅದನ್ನು ತಮ್ಮದಾಗಿಸಿಕೊಂಡರು. ಪಾಠಾಂತರಗಳಲ್ಲಿ ಎರಡು ನಾಮಪದಗಳು ಜಾಗ ಬದಲಿಸುತ್ತವೆ, ‘ಒಂದು’ ಮಾತ್ರ ಕದಲುವುದಿಲ್ಲ. ಕದಲದ್ದೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ.

ಈ ‘ಒಂದು’ ಮಲೆನಾಡಿನಲ್ಲಿ ಸಾಮಾನ್ಯ ಸಂಖ್ಯೆಯಾಗಿರಲಿಲ್ಲ. ಚುನಾವಣೆಗೆ ತಿಂಗಳುಗಳ ಮುಂಚೆ, 1951ರ ಏಪ್ರಿಲ್‌ನಲ್ಲಿ, ಅದೇ ಸಾಗರ ತಾಲೂಕಿನಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ದೀವರ ಗೇಣಿದಾರರು ಒಂದು ಕಡೆ, ಭೂಮಾಲೀಕ ಕೆ.ಜಿ. ಒಡೆಯರ್ ಇನ್ನೊಂದು ಕಡೆ. ಗೋಪಾಲಗೌಡರೂ ಸೋಷಲಿಸ್ಟರೂ ಗೇಣಿದಾರರ ಜೊತೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ನಡುವೆ ಇದ್ದ ವಸ್ತು ಕೊಳಗ. ಗೇಣಿ ಭತ್ತವನ್ನು ಅಳೆದುಕೊಳ್ಳುವ ಕೊಳಗ ದೊಡ್ಡದಾಗಿತ್ತು, ಅದು ಸರಿಯಾದ ಅಳತೆಗೆ ಬರಬೇಕು ಎಂದು ಒಕ್ಕಲುಗಳು ಹೇಳಿದರು. ಎಷ್ಟು ಕೊಳಗ ಎಂಬುದಕ್ಕಿಂತ ಯಾರ ಕೊಳಗ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ.

ನಮ್ಮ ಮನೆಯ ಅಟ್ಟದ ಮೇಲೆ ಹಳೆಯದೊಂದು ಕೊಳಗವಿದೆ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಅದರ ಬಾಯಿಯನ್ನು ಅಂಗೈಯಿಂದ ಸವರಿ ತಲೆತಟ್ಟು ಅಳೆಯಬಹುದು, ಭತ್ತ ಹೊರಚೆಲ್ಲುವಂತೆ ಗೋಪುರ ಕಟ್ಟಿಯೂ ಅಳೆಯಬಹುದು. ಎರಡರ ನಡುವಿನ ಅಂತರ ನನ್ನ ಎರಡು ಬೊಗಸೆ. ಕಾಗದದ ಮೇಲೆ ಎರಡೂ ‘ಒಂದು ಕೊಳಗ’ವೇ. ‘ಒಂದು’ ಎಂಬ ಮಾತಿನೊಳಗೆ ಎರಡು ಬೊಗಸೆ ಅನ್ಯಾಯ ಅಡಗಿ ಕೂರಬಲ್ಲದು ಎಂದು ಕಾಗೋಡಿನ ಒಕ್ಕಲಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಅಂಥ ಕಿವಿಗಳಿಗೆ ‘ಒಂದು ನೋಟು’ ಬಿದ್ದಿತು. ನೋಟಿಗೆ ಗೋಪುರ ಕಟ್ಟಲಾಗದು. ಒಡೆಯನ ನೋಟೂ ಒಕ್ಕಲಿನ ನೋಟೂ ಒಂದೇ ಅಳತೆ, ಅವರಿಬ್ಬರ ವೋಟಿನ ಹಾಗೆಯೇ. ಘೋಷಣೆಯನ್ನು ನಿಯಮವಾಗಿ ಓದಿದರೆ, ವೋಟು ಒಂದೇ ಇರುವವನು ನೋಟನ್ನೂ ಒಂದೇ ಕೊಡಬೇಕು, ಹತ್ತು ಕೊಟ್ಟು ಹತ್ತರಷ್ಟು ಹಕ್ಕು ಕೇಳುವಂತಿಲ್ಲ. ಅಭ್ಯರ್ಥಿ ಪಡೆಯುವುದಕ್ಕೆ ಒಂದು ಮಿತಿ ಹಾಕುವ ಮಾತಿದು. (ಗೌಡರಿಗೆ ಉಳ್ಳವರು ಯಾರೂ ನೆರವಾಗಲಿಲ್ಲ ಎಂದು ಇದರಿಂದ ಸಾಧಿಸಹೊರಟರೆ ನಾನು ಜೊತೆಗಿಲ್ಲ. ಘೋಷಣೆ ಲೆಕ್ಕಪುಸ್ತಕವಲ್ಲ. ಆದರೆ ಲೆಕ್ಕವನ್ನು ಯಾವ ಕೊಳಗದಿಂದ ಅಳೆಯಬೇಕು ಎಂಬುದನ್ನು ಅದು ಹೇಳುತ್ತದೆ.)

ರೂಪಾಯಿ ಎಂದರೆ ಆಗ ಹದಿನಾರು ಆಣೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಗೇಣಿ ಅಳೆದು ಮಿಕ್ಕಿದ್ದರಲ್ಲಿ ಬದುಕುವವನಿಗೆ ಒಂದು ರೂಪಾಯಿ ಹಗುರದ ಹಣವಲ್ಲ. 1951ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ವಿಧಾನಸಭೆಗೆ ನಿಲ್ಲುವವನು 250 ರೂಪಾಯಿ ಠೇವಣಿ ಇಡಬೇಕಿತ್ತು. ಇನ್ನೂರೈವತ್ತು ಜನ ಒಂದೊಂದು ನೋಟು ಕೊಟ್ಟರೆ ಠೇವಣಿ ತುಂಬುತ್ತದೆ. ಚಲಾಯಿತ ಮತದ ಆರನೆಯ ಒಂದು ಭಾಗ ಬಾರದಿದ್ದರೆ ಠೇವಣಿ ಹೋಗುತ್ತದೆ, ಆಗ ಕಳೆದುಕೊಳ್ಳುವವರು ಇನ್ನೂರೈವತ್ತು ಜನ. ತನ್ನ ರೂಪಾಯಿ ಹೂಡಿದವನು ತನ್ನ ಚೀಟಿಯನ್ನು ಇನ್ನೊಬ್ಬನ ಏಜೆಂಟನಿಗೆ ಮಾರುವುದು ಕಷ್ಟ. ಇದನ್ನು ಭಾವುಕತೆ ಎನ್ನುವವರು ಚೀಟಿ ವ್ಯವಹಾರದಲ್ಲಿ ಹಣ ಕಟ್ಟಿದವರ ನಿಷ್ಠುರ ಲೆಕ್ಕಾಚಾರವನ್ನು ಒಮ್ಮೆ ನೋಡಬೇಕು.

ಗೆಲುವನ್ನು ದೊಡ್ಡದು ಮಾಡುವ ಭರದಲ್ಲಿ ನಮ್ಮವರು (ಈ ಪಂಗಡದಲ್ಲಿ ನಾನೂ ಇದ್ದೆ) ಮರೆಮಾಚುವ ಫಲಿತಾಂಶ ಒಂದಿದೆ. 1952ರ ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಕಾಂಗ್ರೆಸ್ಸಿನಿಂದ ಗೆದ್ದವರು ಕೆ.ಜಿ. ಒಡೆಯರ್, ಕಾಗೋಡಿನ ಭೂಮಾಲೀಕರೇ. ಮತದಾರನಿಗೆ ಎರಡು ಚೀಟಿ ಸಿಕ್ಕುತ್ತಿದ್ದವು: ಲೋಕಸಭೆಯದಕ್ಕೆ ಹಸಿರು ಛಾಯೆಯ ಪಟ್ಟಿ, ವಿಧಾನಸಭೆಯದಕ್ಕೆ ಚಾಕಲೇಟ್ ಬಣ್ಣದ ಪಟ್ಟಿ. ಸಾಗರ–ಹೊಸನಗರದಲ್ಲಿ ಎರಡನೆಯ ಚೀಟಿ 29 ತುಂಬದ ಒಬ್ಬ ಸೋಷಲಿಸ್ಟನನ್ನು ಗೆಲ್ಲಿಸಿತು. ಇಡೀ ಶಿವಮೊಗ್ಗ ಕ್ಷೇತ್ರದಲ್ಲಿ ಮೊದಲನೆಯದು ಒಡೆಯರನ್ನು ಗೆಲ್ಲಿಸಿತು. ಲೋಕಸಭಾ ಕ್ಷೇತ್ರ ಬಹಳ ವಿಶಾಲ, ಹೋಲಿಕೆ ಎಚ್ಚರದಿಂದ ಆಗಬೇಕು, ನಿಜ. ಆದರೂ ಇದು ಸಂತಕಥೆಯವರಿಗೆ ಜೀರ್ಣವಾಗದ ಸಂಗತಿ. ಒಬ್ಬನ ಶುದ್ಧತೆ ಜನರನ್ನು ಕರಗಿಸಿತು ಎಂಬ ಕಥೆಗೆ ಇಲ್ಲಿ ಜಾಗವಿಲ್ಲ, 1957ರ ಸೋಲಿಗೂ ಇಲ್ಲ. ನೋಟು ಕೇಳಲು ಮನೆಬಾಗಿಲಿಗೆ ಹೋಗಬೇಕು; ಸಂಘಟನೆ ನಡೆದು ಮುಟ್ಟುವಷ್ಟು ದೂರಕ್ಕೇ ಈ ಅಸ್ತ್ರದ ಬಲ. ಹೀಗೆ ಓದಿದರೆ ಸೋಲುಗೆಲುವು ಎರಡಕ್ಕೂ ಅರ್ಥ ಬರುತ್ತದೆ.

ಕಾನೂನು ಹಿಡಿದ ದಾರಿ ಬೇರೆ. ಅಭ್ಯರ್ಥಿಯ ವೆಚ್ಚ ಎಷ್ಟು ಎಂದು ಅದು ಎಣಿಸುತ್ತ ಬಂತು. ಪಕ್ಷವೂ ಹಿತೈಷಿಗಳೂ ಮಾಡುವ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಹೇಳಿದಾಗ, ಸರಕಾರ ಅದೇ ವರ್ಷ ಕಾಯಿದೆಯನ್ನೇ ತಿದ್ದಿ ಅದನ್ನು ಲೆಕ್ಕದ ಹೊರಗಿಟ್ಟಿತು. ಕೊಟ್ಟವರ ಹೆಸರನ್ನು ಜನರಿಂದ ಮುಚ್ಚಿಟ್ಟ ಚುನಾವಣಾ ಬಾಂಡು ಯೋಜನೆ ರದ್ದಾಗಲು 2024ರ ಫೆಬ್ರವರಿ 15ರ ತೀರ್ಪು ಬರಬೇಕಾಯಿತು. ‘ಎಷ್ಟು’ ಎಂದು ಕೇಳಿದವರು ‘ಯಾರದು’ ಎಂಬಲ್ಲಿಗೆ ಬರಲು ಹಿಡಿದ ಕಾಲವಿದು.

ಕೊನೆಗೆ ನನ್ನ ಅಜ್ಜಿಯಿಂದ ಕಲಿತ ಒಂದು ಎಣಿಕೆ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎಂದು ಹೇಳಿ ಎರಡಕ್ಕೆ ಹೋಗುತ್ತಾರೆ. ಗೇಣಿಯ ಒಕ್ಕಲು ವರ್ಷಕ್ಕೊಮ್ಮೆ ‘ಲಾಭ’ ಎಂದು ಕೂಗಿ ಅಳೆದ ಆ ಮೊದಲ ಕೊಳಗ ಒಡೆಯನ ಚೀಲಕ್ಕೆ ಬೀಳುತ್ತಿತ್ತು. ಕನ್ನಡದಲ್ಲಿ ಚುನಾವಣೆಗೂ ಕಣವೆಂದೇ ಹೆಸರು. ಆ ಕಣಕ್ಕೆ ಬಂದವನು ಎಣಿಕೆಯನ್ನು ‘ಒಂದು’ ಎಂದೇ ಶುರು ಮಾಡಿದ.