ಇತಾಯಿ-ಇತಾಯಿ ರೋಗ

ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಜು ನದಿ ಬಯಲಿನಲ್ಲಿ ಕ್ಯಾಡ್ಮಿಯಂ ಕಲುಷಿತ ಗದ್ದೆಗಳಿಂದ ಹುಟ್ಟಿದ ಮೂತ್ರಪಿಂಡ ಮತ್ತು ಮೂಳೆಗಳ ಕಾಯಿಲೆ. ನದಿಯ ಮೇಲ್ದಂಡೆಯ ಕಮಿಯೋಕಾ ಗಣಿಯಲ್ಲಿ ಸತುವಿನ ಅದಿರಿನೊಡನೆ ಬಂದ ಕ್ಯಾಡ್ಮಿಯಂ ತ್ಯಾಜ್ಯದಲ್ಲಿ ಹರಿದು, ಕಾಲುವೆ ನೀರಿನ ಮೂಲಕ ಗದ್ದೆಯ ಮಣ್ಣಿನಲ್ಲಿ ಸೇರಿಕೊಂಡಿತು. ಮೊದಲು ಪೆಟ್ಟು ತಿಂದದ್ದು ಮೀನು ಮತ್ತು ಭತ್ತದ ಬೆಳೆ. ಮನುಷ್ಯರ ಸರದಿ ಆಮೇಲಿನದು.

ಗದ್ದೆಯಲ್ಲಿ ನೀರು ನಿಂತಿರುವಾಗ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದೆ ಉಳಿಯುತ್ತದೆ. ಕೊಯ್ಲಿಗೆ ಮುನ್ನ ನೀರು ಬಸಿದಾಗ ಮಣ್ಣಿಗೆ ಗಾಳಿಯಾಡಿ ಅದು ಬಿಡುಗಡೆಯಾಗುತ್ತದೆ. ಮ್ಯಾಂಗನೀಸ್ ಹೀರುವ ದಾರಿಯಲ್ಲೇ ಬೇರಿಗೆ ನುಗ್ಗಿ ಕಾಳು ಸೇರುತ್ತದೆ. ಹಾಗೆಂದು ನೀರು ನಿಲ್ಲಿಸಿಯೇ ಇಟ್ಟರೆ ಆರ್ಸೆನಿಕ್ ಕರಗಿ ಮೇಲೇಳುತ್ತದೆ. ಎರಡೂ ಇರುವ ಮಣ್ಣಿನಲ್ಲಿ ರೈತನ ಪಾಡು ನಿಜಕ್ಕೂ ಇಕ್ಕಟ್ಟಿನದು.

ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮೂತ್ರನಾಳಿಕೆಗಳು ಕೆಟ್ಟು ಫಾಸ್ಫೇಟ್ ಸೋರಿಹೋಗಿ ಮೂಳೆ ಮೆತ್ತಗಾಗುತ್ತದೆ. ಕೆಮ್ಮಿದರೂ ಪಕ್ಕೆಲುಬು ಮುರಿಯುವ ಸ್ಥಿತಿ. ಹಲವು ಹೆರಿಗೆ ಕಂಡ ನಡುವಯಸ್ಸು ದಾಟಿದ ಹೆಂಗಸರೇ ಹೆಚ್ಚಾಗಿ ನರಳಿದರು. ಸ್ಥಳೀಯ ವೈದ್ಯ ನೊಬೊರು ಹಗಿನೊ ಗಣಿಯತ್ತ ಬೆರಳು ತೋರಿಸಿದಾಗ ಅವರು ಎದುರಿಸಿದ್ದು ಅನುಮಾನ, ಅವಹೇಳನ. 1968ರಲ್ಲಿ ಸರ್ಕಾರ ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿತು. ರೋಗಿಗಳ ಕಡೆಯವರು ಹೂಡಿದ ಮೊಕದ್ದಮೆಯಲ್ಲಿ, 1972ರ ಮೇಲ್ಮನವಿ ತೀರ್ಪಿನಲ್ಲೂ ಗಣಿ ಕಂಪನಿ ಮಿತ್ಸುಯಿ ಸೋತಿತು.

ನೀರನ್ನು ಶುದ್ಧಗೊಳಿಸಿದಷ್ಟು ಸುಲಭವಾಗಿ ಮಣ್ಣು ಶುದ್ಧವಾಗಲಿಲ್ಲ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಕೆಟ್ಟ ಮೇಲ್ಮಣ್ಣನ್ನು ಹೂತು, ಅದರ ಮೇಲೆ ಬೇರೆಡೆಯಿಂದ ತಂದ ಮಣ್ಣು ಹರಡುವ ಕೆಲಸ ಮುಗಿದದ್ದು 2012ರಲ್ಲಿ, ಅದು ಶುರುವಾದ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ.